ಅಂಚೆಯವ ಮುಕುಂದನ ಸಾವನ್ನು ಪುಸ್ತಕದಲ್ಲಿದ್ದಂತೆಯೇ ಓದತಕ್ಕ ಬಗ್ಗೆ

ಮಾತಿನ ಪುಸ್ತಕ ವಿಭಾಗ
(ಇಂಡಿ, ಸಿಂದಗಿ, ಮುದ್ದೇಬಿಹಾಳ ಹಾಗೂ ಬಸವನ ಬಾಗೇವಾಡಿ ತಾಲೂಕುಗಳ ಕಣ್ಣು ಕಾಣದ ಮತ್ತು ಮಂದದೃಷ್ಟಿಯ ಓದುಗರ ಸೇವೆಗಾಗಿ)

ಸಂಖ್ಯೆ: ಮಾಪುವಿ/ಕಾದಂಬರಿ/ಸಾವು/ಬೆಕ್ಕು ಸಹಿತ
ದಿನಾಂಕ: ಮುದ್ರೆಯಲ್ಲಿ ಕಂಡಂತೆ. ಕಾಣದಿದ್ದಲ್ಲಿ ಕೇಳಿ ತಿಳಿಯುವುದು.

ಸುತ್ತೋಲೆ

ವಿಷಯ: ‘ಕರಿ ಛತ್ರಿ’ ಎಂಬ ಪತ್ತೇದಾರಿ ಕಾದಂಬರಿಯ ಧ್ವನಿಮುದ್ರಣದಲ್ಲಿ ಸಾಯಬೇಕಾದವರು ಬದುಕಿರುವುದು, ಸಂಬಂಧವಿಲ್ಲದ ವಿಮಾ ಏಜೆಂಟರೊಬ್ಬರು ಕೊಲೆಗಾರರಾಗಿರುವುದು, ಹಾಗೂ ಹಾಲಿನ ಲೋಟದ ಬಳಿ ಅನಧಿಕೃತ ಬೆಕ್ಕೊಂದು ಕಂಡುಬಂದಿರುವ ಬಗ್ಗೆ.

ಉಲ್ಲೇಖ: (ಅ) ಶ್ರೀಮತಿ ಇರಮ ಬಾಗವಾನ, ಸಿಂದಗಿ, ಇವರು ಕೌಂಟರಿನ ಮುಂದೆ ನಿಂತು, ಕೂಡಲು ಹೇಳಿದರೂ ಕೂಡದೆ ನೀಡಿದ ಮೌಖಿಕ ದೂರು.
(ಆ) ಶ್ರೀಮತಿ ಸುಂದರವ್ವ ಮೇಲಿನಮನಿ, ಇಂಡಿ, ಇವರು ಚಹಾ ಸಹಿತ ನೀಡಿದ ಸಮಜಾಯಿಷಿ.

1. ಮೇಲ್ಕಂಡ ವಿಷಯವು ನಾಲ್ಕೂ ತಾಲೂಕುಗಳಲ್ಲಿ ಗದ್ದಲಕ್ಕೆ ಕಾರಣವಾಗಿರುವುದರಿಂದ, ನಡೆದದ್ದನ್ನು ಮೊದಲಿನಿಂದ ತಿಳಿಸಿ, ಆಯಾ ಸ್ಥಳದಲ್ಲಿಯೇ ನಿಯಮಗಳನ್ನು ವಿಧಿಸುವುದು ಸೂಕ್ತವೆಂದು ಭಾವಿಸಲಾಗಿದೆ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಬದಲಿಸಿ ಓದಿದ್ದೇ ಈ ಪ್ರಕರಣದ ಮೂಲ. ಆದ್ದರಿಂದ ಸಂಬಂಧಪಟ್ಟವರ ಮಾತುಗಳನ್ನು ತಿದ್ದದೆ, ಆಡಿದಂತೆಯೇ ದಾಖಲಿಸಲಾಗಿದೆ. ಕೆಳಸಹಿದಾರರು ಸದರಿ ಕಾದಂಬರಿಯನ್ನು ಓದಿರಲಿಲ್ಲ. ಎಲ್ಲರೂ ಸೇರಿ ಅದರ ಕೊನೆಯನ್ನು ಹೇಳಿಬಿಟ್ಟಿರುವುದರಿಂದ ಈಗ ಓದುವ ಅಗತ್ಯವೂ ಉಳಿದಿಲ್ಲ.

2. ಶ್ರೀಮತಿ ಇರಮ ಬಾಗವಾನ ಅವರು ಸಿಂದಗಿಯ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತಾರೆ. ಹುಟ್ಟಿನಿಂದ ದೃಷ್ಟಿಯಿಲ್ಲದವರು. ಈ ವಿಭಾಗದ ಹಳೆಯ ಓದುಗರು, ಅಷ್ಟೇ ತಕರಾರಿನವರು. ಪುಸ್ತಕವೊಂದು ಮೆಮರಿ ಕಾರ್ಡಿನಲ್ಲಿ ಕೈಸೇರಿದರೆ, ಪಾತ್ರೆ ತೊಳೆಯುವಾಗ ಒಮ್ಮೆ ಕೇಳಿ, ಬಟ್ಟೆ ಮಡಚುವಾಗ ಇನ್ನೊಮ್ಮೆ ಕೇಳಿ, ಓದಿದವರು ಎಲ್ಲಿ ಆಕಳಿಸಿದ್ದಾರೆ, ಎಲ್ಲಿ ಎರಡು ಹಾಳೆ ಒಟ್ಟಿಗೆ ಮಗುಚಿದ್ದಾರೆ ಎಂದು ಫೋನು ಮಾಡುವವರು. ಅವರು ಎಂದೂ ತಕರಾರು ತೆಗೆಯದ ಧ್ವನಿ ಒಂದೇ. ಅದು ಇಂಡಿಯ ನಿವೃತ್ತ ಕನ್ನಡ ಸಾಲಿ ಶಿಕ್ಷಕಿ ಶ್ರೀಮತಿ ಸುಂದರವ್ವ ಮೇಲಿನಮನಿ ಅವರದು. ಸುಂದರವ್ವನವರು ವಿಭಾಗಕ್ಕಾಗಿ ಸಂಬಳವಿಲ್ಲದೆ ಪುಸ್ತಕ ಓದಿ ಧ್ವನಿ ಮುದ್ರಿಸಿಕೊಡುತ್ತಾರೆ. ಬೀದಿಯ ಸದ್ದು ಒಳಬರದಂತೆ ತಲೆಯ ಮೇಲಿಂದ ದಪ್ಪ ಕೌದಿ ಹೊದ್ದು, ಒಳಗೆ ಟಾರ್ಚು ಹಿಡಿದು, ಬೆವರಿನಲ್ಲಿ ತೊಯ್ದು ಓದುತ್ತಾರೆ. ಇರಮ ಅವರು ಬಿ.ಇಡಿ. ಪರೀಕ್ಷೆ ಪಾಸಾದದ್ದೂ ಈ ಧ್ವನಿಯನ್ನು ಕೇಳಿಯೇ.

‘ಕರಿ ಛತ್ರಿ’ಯನ್ನೂ ಸುಂದರವ್ವನವರೇ ಓದಿದ್ದರು. (ಕಾದಂಬರಿಕಾರರ ಹೆಸರಿದ್ದ ಹಾಳೆಯನ್ನು ಕಚೇರಿಯ ಇಲಿ ತಿಂದಿರುತ್ತದೆ. ಇಲಿಯ ಬಗ್ಗೆ ಪ್ರತ್ಯೇಕ ಸುತ್ತೋಲೆ ಹೊರಡಿಸಲಾಗುವುದು.) ಹಳೆಯ ವಾಡೆಯೊಂದರಲ್ಲಿ ಯಜಮಾನ ಕೊಲೆಯಾಗುತ್ತಾನೆ. ಊರಿನ ಅಂಚೆಯವ ಮುಕುಂದ, ಯಾರಿಗೂ ಬೇಡವಾದ ಒಳ್ಳೆಯ ಹುಡುಗ, ಕೊಲೆಗಾರರನ್ನು ಹುಡುಕುತ್ತ ಹೋಗುತ್ತಾನೆ. ಇರಮ ಅವರು ಇದನ್ನು ಕೇಳಿ ಮುಗಿಸಿ ಎರಡು ದಿನ ಉಲ್ಲಾಸದಿಂದಿದ್ದರೆಂದೂ, ಮನೆಗೆ ಬಂದ ನಿಜವಾದ ಪೋಸ್ಟಮನ್ನಿಗೆ ಕಾರಣವಿಲ್ಲದೆ ಶರಬತ್ತು ಕೊಟ್ಟರೆಂದೂ ತಿಳಿದುಬಂದಿದೆ. ಮುದ್ದೇಬಿಹಾಳದಲ್ಲಿ ಇದೇ ಕಾರ್ಡು ಕೇಳಿದ ಶ್ರೀ ಕಾಸಿಂಸಾಬ ಅವರು ಮನೆಬಾಗಿಲಿಗೆ ಬಂದ ವಿಮಾ ಏಜೆಂಟರನ್ನು, “ಛತ್ರಿ ಹೊರಗ ಇಟ್ಟು ಮಾತಾಡ್ರಿ,” ಎಂದು ತಡೆದಿದ್ದಾರೆ. ಆಗ ಯಾರಿಗೂ ಅನುಮಾನ ಬಂದಿರುವುದಿಲ್ಲ.

3. ಬಸವನ ಬಾಗೇವಾಡಿ ಶಾಖೆಯಲ್ಲಿ ತಿಂಗಳಿಗೊಮ್ಮೆ ಓದುಗರ ಸಭೆ ಸೇರುತ್ತದೆ. ಕಣ್ಣು ಕಾಣುವವರೂ ಕಾಣದವರೂ ಒಂದೇ ಪುಸ್ತಕವನ್ನು, ಒಬ್ಬರು ಅಚ್ಚಿನಲ್ಲಿ, ಒಬ್ಬರು ಕಾರ್ಡಿನಲ್ಲಿ ಓದಿ ಬಂದು ಚರ್ಚಿಸಬೇಕೆಂಬುದು ಅದರ ಉದ್ದೇಶ. ‘ಕರಿ ಛತ್ರಿ’ಯ ಸರದಿ ಬಂದ ದಿನ ಇರಮ ಅವರು ಸಿಂದಗಿಯಿಂದ ಬಸ್ಸಿನಲ್ಲಿ ಬಂದಿದ್ದರು. ಮೊದಲು ಮಾತೆತ್ತಿದವರು ಇಂಗಳೇಶ್ವರದ ನಿವೃತ್ತ ಬಸ್ ಕಂಡಕ್ಟರ್ ಶ್ರೀ ಧರೆಪ್ಪ.

“ಅಲ್ಲಾ, ವಾಡೇದಾಗಿನ ಅಜ್ಜಿ ಹಾಲಿನ್ಯಾಗ ವಿಷಾ ಹಾಕ್ತಾಳಂತ ನನಗ ಕನಸಿನ್ಯಾಗೂ ಬಂದಿದ್ದಿಲ್ಲ ನೋಡ್ರಿ.”

“ಅಜ್ಜಿ ಎಲ್ಲಿ ಹಾಕ್ಯಾಳ ಕಾಕಾ?” ಎಂದರು ಇರಮ. “ಹಾಕಿದಂವ ವಿಮಾ ಏಜೆಂಟ.”

“ವಿಮಾ ಏಜೆಂಟ? ಅಂವ ಎರಡನೇ ಪಾಠದಾಗ ಚಹಾ ಕುಡದ ಹೋದಂವ ಮತ್ತ ಬಂದ ಇಲ್ಲಲ್ರಿ.”

“ಬಂದಾನ್ರಿ. ಕಿಡಕಿ ಹಾರಿ ಬಂದಾನ. ಕಡೀಕ ಫೌಜದಾರ ಹಿಡದು ಎರಡು ಕಪಾಳಕ್ಕ ಕೊಟ್ಟಾನ. ಆಮ್ಯಾಲ ಮುಕುಂದನ ಲಗ್ನ ಆಗೇತಿ, ಹೋಳಿಗಿ ಊಟ ಆಗೇತಿ.”

ಕೋಣೆ ಎರಡು ಪಕ್ಷವಾಯಿತು. ಕಾಣುವವರೆಲ್ಲ ಅಜ್ಜಿಯ ವಿರುದ್ಧ, ಕಾಣದವರೆಲ್ಲ ಏಜೆಂಟನ ವಿರುದ್ಧ. ಧರೆಪ್ಪನವರು ಸಮಾಧಾನದ ಧ್ವನಿಯಲ್ಲಿ, “ಟೀಚರ್ರ, ತಪ್ಪ ತಿಳ್ಕೋಬ್ಯಾಡ್ರಿ. ಕೇಳೂ ಹೊತ್ತಿನ್ಯಾಗ ನಿಮಗ ನಿದ್ದಿ ಹತ್ತಿರಬೇಕು,” ಎಂದರು. ಯಾರೋ ನಕ್ಕರು. ಇಡೀ ದಿನ ಒಂಬತ್ತನೆಯ ತರಗತಿಯನ್ನು ಸುಮ್ಮನಿರಿಸಿ ರೂಢಿಯಿದ್ದ ಇರಮ ಅವರಿಗೆ ಆ ನಗು ಎತ್ತ ಕಡೆಯಿಂದ ಬಂತೆಂಬುದು ಚೆನ್ನಾಗಿ ತಿಳಿಯಿತು.

“ಪುಸ್ತಕ ನಿಮ್ಮ ಕೈಯಾಗ ಐತೆಲ್ಲ ಕಾಕಾ. ಕಡೀ ಪಾಠ ಓದ್ರಿ. ದೊಡ್ಡಾಗಿ ಓದ್ರಿ.”

ಧರೆಪ್ಪನವರು ಟಿಕೆಟ್ ಕೇಳುವ ಧ್ವನಿಯಲ್ಲಿಯೇ ಓದತೊಡಗಿದರು. ಮುಕುಂದ ಅಜ್ಜಿಯ ಕೈಯಿಂದ ಲೋಟ ತೆಗೆದುಕೊಂಡ ಜಾಗಕ್ಕೆ ಬಂದಾಗ ಅವರ ಧ್ವನಿ ತಗ್ಗಿತು. “ಮುಂದ ಓದ್ಲೇನ್ರಿ?” ಎಂದರು. “ಓದ್ರಿ,” ಎಂದರು ಇರಮ. ಕಾರ್ಡಿನಲ್ಲಿ ಹಾರಿಬಂದು ಹಾಲು ಚೆಲ್ಲಿದ್ದ ಬೆಕ್ಕು ಇಲ್ಲಿ ಬರಲಿಲ್ಲ. ಮುಕುಂದ ಹಾಲು ಕುಡಿದು, ಹಂಚದೆ ಉಳಿದ ಒಂದು ಪತ್ರವನ್ನು ಕಿಸೆಯಲ್ಲಿ ಹಿಡಿದುಕೊಂಡೇ ಸತ್ತ.

ಆ ಹೊತ್ತಿನಲ್ಲಿ ತಮಗೆ ದುಃಖಕ್ಕಿಂತ ಮೊದಲು ನಾಚಿಕೆಯಾಯಿತೆಂದು ಇರಮ ಅವರು ತಿಳಿಸಿರುತ್ತಾರೆ. ಊರೆಲ್ಲ ಅತ್ತು ಮುಗಿಸಿದ ಸಾವಿನ ಮನೆಯಲ್ಲಿ ತಾವೊಬ್ಬರು ಲಗ್ನದ ಹೋಳಿಗೆ ಉಂಡು ಕೂತಂತೆ.

ಆದ್ದರಿಂದ ಈ ಮೂಲಕ ಸೂಚಿಸಲಾಗಿರುವುದೇನೆಂದರೆ, ಓದುಗರ ಸಭೆಗಳಲ್ಲಿ ಕೊಲೆಗಾರರು ಯಾರೆಂಬುದನ್ನು ಬಹುಮತದಿಂದ ನಿರ್ಧರಿಸಕೂಡದು. ಸದರಿ ದಿನ ಓದುವುದಕ್ಕೆ ಮೊದಲು ಗದ್ದಲದಲ್ಲಿ ಕೈ ಎತ್ತಿಸಿ ಮತ ತೆಗೆದುಕೊಳ್ಳಲಾಗಿದ್ದು, ಅಜ್ಜಿ ನಿರ್ದೋಷಿಯೆಂದು ಘೋಷಿತರಾಗಿದ್ದರು. ಆ ನಿರ್ಣಯವನ್ನು ರದ್ದುಪಡಿಸಲಾಗಿದೆ. ಅಜ್ಜಿಯವರು ಮೇಲ್ಮನವಿ ಸಲ್ಲಿಸಲು ಅವಕಾಶವಿರುತ್ತದೆ.

4. ಮರುದಿನ ಭಾನುವಾರ ಇರಮ ಅವರು ಫೋನು ಸಹ ಮಾಡದೆ ಇಂಡಿಯ ಬಸ್ಸು ಹಿಡಿದರು. ಸುಂದರವ್ವನವರ ಮನೆಯ ಬಾಗಿಲು ತೆರೆದಿತ್ತು. ಒಳಗಿನಿಂದ ಆ ಧ್ವನಿ ಕೇಳುತ್ತಿತ್ತು, ಕೌದಿಯೊಳಗಿನದು, ತುಸು ಮಂದ. ಇಷ್ಟು ವರ್ಷ ಪೆಟ್ಟಿಗೆಯಿಂದ ಕೇಳಿದ್ದ ಧ್ವನಿಯನ್ನು ಮೊದಲ ಸಲ ಮನುಷ್ಯರ ಬಾಯಿಂದ ಕೇಳಿ, ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಬೈಗುಳಗಳಲ್ಲಿ ಅರ್ಧ ಅವರಿಗೆ ಮರೆತುಹೋದವು. ಉಳಿದರ್ಧ ಸಾಕಾಗಿತ್ತು.

“ಅಕ್ಕಾರ, ಮುಕುಂದ ಸತ್ತಾನಂತ.”

ಕೌದಿ ಸರಿದ ಸದ್ದಾಯಿತು. “ಯಾರ ಹೇಳಿದರವ್ವಾ ನಿನಗ?”

“ಊರಿಗೆಲ್ಲ ಗೊತ್ತೈತ್ರಿ. ನಮಗಷ್ಟ ಮುಚ್ಚಿಟ್ಟೀರಿ.”

“ಕುಂದ್ರು ತಂಗಿ. ಚಹಾ ಮಾಡ್ತೇನಿ.”

“ಚಹಾ ಆಮ್ಯಾಲ. ಮೊದಲ ಬೆಕ್ಕಿನ ವಿಚಾರ ಹೇಳ್ರಿ.”

ಸುಂದರವ್ವನವರ ಹೇಳಿಕೆ ಹೀಗಿದೆ: “ಬೆಕ್ಕ ನಾ ಕರೀಲಿಲ್ಲವ್ವ. ಲೋಟ ಅಂವನ ತುಟಿಗೆ ಬಂತು, ಅಷ್ಟೊತ್ತಿಗೆ ಅದು ತಾನಾಗೇ ಬಂತು. ಹಾಲು ಚೆಲ್ಲಿದ ಮ್ಯಾಲ ಅಂವ ಸಾಯೂದು ಹ್ಯಾಂಗ? ಅಂವ ಸಾಯಲಿಲ್ಲ ಅಂದ ಮ್ಯಾಲ ಮುದುಕಿ ಮ್ಯಾಲ ಅಪವಾದ ಹಾಕೂದು ಸರಿ ಕಾಣಲಿಲ್ಲ. ಮೊದಲನೇ ಪಾಠದಿಂದ ಆಕಿನ್ನ ಓದೇನಿ ನಾ. ಆಕಿ ಅಂಥಾಕಿ ಅಲ್ಲ.”

“ಮತ್ತ ಏಜೆಂಟ ಏನ ಮಾಡಿದ್ದ ನಿಮಗ?”

“ಚಹಾ ಕುಡದು ಕಪ್ಪು ಕುಂತಲ್ಲೇ ಬಿಟ್ಟ ಹೋಗ್ಯಾನ ನೋಡು. ಒಳಗರೆ ಇಡಬೇಕೊ ಬ್ಯಾಡೊ.”

ಇರಮ ಅವರಿಗೆ ನಗು ಬಂತೆಂದೂ, ಬಿಗಿಹಿಡಿದರೆಂದೂ ತಿಳಿದುಬಂದಿದೆ. ಅಷ್ಟರಲ್ಲಿ ಸುಂದರವ್ವನವರು ದನಿ ಇಳಿಸಿ, “ಖರೇ ಹೇಳಬೇಕಂದ್ರ ತಂಗಿ, ನಿಮ್ಮ ಬಾಳೇದಾಗ ಮೊದಲೇ ಕತ್ತಲಿ. ಮ್ಯಾಲ ಇದೊಂದು ಸಾವು ಯಾಕ ಹೊರಸೂದು ಅನಸ್ತು,” ಎಂದರು.

ಇರಮ ಅವರು ಇದಕ್ಕೆ ಹೇಳಿದ್ದು ಇದು: “ಕತ್ತಲಿ ಹ್ಯಾಂಗಿರ್ತೈತಿ ಅಂತ ನನಗ ಗೊತ್ತಿಲ್ಲರಿ ಅಕ್ಕಾರ. ಅದನ್ನ ನೋಡಾಕೂ ಕಣ್ಣು ಬೇಕು. ನಮ್ಮವ್ವ ಸತ್ತಾಗ ನಾ ಆಕಿ ಕೈ ಹಿಡಕೊಂಡು ಕುಂತಿದ್ನಿ. ನನಗ ಏನೂ ಆಗಲಿಲ್ಲ ಅಂತಲ್ಲ, ಆತು, ತಡಕೊಂಡ್ನಿ. ಪುಸ್ತಕದಾಗ ಸಾಯೋರನ್ನ ನನ್ನ ಮುಂದ ಸಾಯಾಕ ಬಿಡ್ರಿ. ಎಲ್ಲಾರ ಮುಂದ ಬಿಟ್ಟಂಗ.”

ಚಹಾ ಉಕ್ಕಿ ಒಲೆಯ ಮೇಲೆ ಚೆಲ್ಲಿದ್ದು ಇದೇ ಸಂದರ್ಭದಲ್ಲಿ.

5. “ಮತ್ತ ಯಾವ್ಯಾವ ಪುಸ್ತಕದಾಗ ಕೈ ಆಡಿಸೀರಿ?” ಎಂಬ ಪ್ರಶ್ನೆಗೆ ಉತ್ತರವಾಗಿ ಈ ಕೆಳಗಿನ ಸಂಗತಿಗಳು ಹೊರಬಿದ್ದಿವೆ.

ಅಡುಗೆ ಪುಸ್ತಕದಲ್ಲಿ, ಕೇಳುವವರಿಗೆ ಬಿ.ಪಿ. ಇರಬಹುದೆಂದು ಎಲ್ಲ ಉಪ್ಪನ್ನೂ ಚಿಟಿಕೆಗೆ ಇಳಿಸಲಾಗಿದೆ. ಮುಳವಾಡದ ಓದುಗರೊಬ್ಬರ ಮಾವಿನ ಉಪ್ಪಿನಕಾಯಿಗೆ ವರ್ಷವೂ ಬೂಸರು ಹಿಡಿಯುತ್ತಿದ್ದುದರ ಕಾರಣ ಈಗ ಸ್ಪಷ್ಟವಾಗಿದೆ. ರಾಶಿಫಲದ ಪುಸ್ತಕದಲ್ಲಿ ಹನ್ನೆರಡೂ ರಾಶಿಗಳಿಗೆ ಧನಲಾಭವಿದೆ. ಬಿ.ಇಡಿ. ಪುಸ್ತಕಗಳ ಬಗ್ಗೆ ಸುಂದರವ್ವನವರು, “ಅವನ್ನ ಮುಟ್ಟಿಲ್ಲವ್ವ, ದೇವರಾಣಿ. ಅದರಾಗ ಸಾಯೋರೂ ಯಾರೂ ಇದ್ದಿಲ್ಲ,” ಎಂದಿದ್ದಾರೆ.

ಇತಿಹಾಸದ ಪುಸ್ತಕವೊಂದರ ಹೆಸರು ಬಂದಾಗ ಇರಮ ಅವರ ಕೈಯಲ್ಲಿದ್ದ ಕಪ್ಪು ನಿಂತಿತು. ಇಬ್ಬರು ಪಾಳೆಯಗಾರರ ಯುದ್ಧದ ಅಧ್ಯಾಯವದು. ಅಚ್ಚಿನಲ್ಲಿ ಒಬ್ಬನ ಕೋಟೆಯೂ ತಲೆಯೂ ಹೋಗುತ್ತವೆ. ಕಾರ್ಡಿನಲ್ಲಿ ಇಬ್ಬರೂ ಕುದುರೆಯಿಂದ ಇಳಿದು, ಸಜ್ಜಿ ರೊಟ್ಟಿ, ಬದನೆಯ ಎಣಗಾಯಿ ಉಂಡು, ಬೀಗರಾಗುತ್ತಾರೆ. ಇರಮ ಅವರು ಇದನ್ನು ಎರಡು ವರ್ಷ ತರಗತಿಯಲ್ಲಿ ಕಲಿಸಿದ್ದರು. ಯುದ್ಧದ ಪರಿಣಾಮಗಳನ್ನು ಬರೆಯಿರಿ ಎಂಬ ಪ್ರಶ್ನೆಗೆ ಮಕ್ಕಳು ಎಣಗಾಯಿ ಎಂದು ಬರೆದು ಪೂರ್ಣ ಅಂಕ ಪಡೆದಿದ್ದರು.

ಸೋಮವಾರ ಅವರು ತರಗತಿಗೆ ಹೋಗಿ, “ನಾ ಹೇಳಿದ್ದು ತಪ್ಪೈತಿ. ಅವರು ಉಂಡಿಲ್ಲ, ಬಡದಾಡ್ಯಾರ,” ಎಂದು ತಿದ್ದಿದರು. ಹಿಂದಿನ ಬೆಂಚಿನಿಂದ ಒಂದು ಧ್ವನಿ, “ಟೀಚರ್, ಉಂಡಿದ್ದ ಚೊಲೋ ಇತ್ತರಿ,” ಎಂದಿತು. ಇಡೀ ತರಗತಿ ಹೌದೆಂದಿತು. ಪಾಠ ಮುಂದುವರಿಸುವುದು ಅಂದು ಸಾಧ್ಯವಾಗಿರುವುದಿಲ್ಲ.

ಆದ್ದರಿಂದ, ಧ್ವನಿದಾನಿಗಳು ಯುದ್ಧಗಳನ್ನು ನಿಲ್ಲಿಸುವುದು, ಬರಗಾಲದಲ್ಲಿ ಮಳೆ ಸುರಿಸುವುದು, ಹಾಗೂ ಅತ್ತೆ ಸೊಸೆಯರನ್ನು ಕಚೇರಿಯ ಪೂರ್ವಾನುಮತಿಯಿಲ್ಲದೆ ರಾಜಿ ಮಾಡಿಸುವುದನ್ನು ಈ ಮೂಲಕ ನಿಷೇಧಿಸಲಾಗಿದೆ. ಪುಸ್ತಕದೊಳಗೆ ಪ್ರಾಣಿ ಪ್ರವೇಶ ಅನಿವಾರ್ಯವಾದಲ್ಲಿ ಪಶುವೈದ್ಯರ ಪ್ರಮಾಣಪತ್ರ ಲಗತ್ತಿಸತಕ್ಕದ್ದು.

6. ದೂರು ಕಚೇರಿಗೆ ಬಂದಾಗ ಕೆಳಸಹಿದಾರರು ಶ್ರೀಮತಿ ಸುಂದರವ್ವನವರನ್ನು ಕೆಲಸದಿಂದ ಬಿಡಿಸಿ, ಇನ್ನು ಮುಂದೆ ಎಲ್ಲ ಪುಸ್ತಕಗಳನ್ನೂ ಯಂತ್ರದ ಧ್ವನಿಯಿಂದ ಓದಿಸುವುದೆಂದು ಟಿಪ್ಪಣಿ ಬರೆದಿದ್ದರು. ಯಂತ್ರವು ಅಳುವುದಿಲ್ಲ, ಬೆಕ್ಕು ಸಾಕುವುದಿಲ್ಲ. ಸಿಂದಗಿ ಶಾಖೆಯಲ್ಲಿ ಪ್ರಯೋಗ ನಡೆಸಿ, ಮುಕುಂದನ ಸಾವನ್ನು ಯಂತ್ರದಿಂದ ಓದಿಸಿ ಇರಮ ಅವರಿಗೆ ಕೇಳಿಸಲಾಯಿತು. ಯಂತ್ರವು ಪುಟಸಂಖ್ಯೆ ಸಹಿತ, ಗ್ಯಾಸ್ ಸಿಲಿಂಡರ್ ಬುಕ್ ಆಗಿದೆ ಎನ್ನುವ ದನಿಯಲ್ಲಿ, ತಪ್ಪಿಲ್ಲದೆ ಓದಿತು.

“ಹ್ಯಾಂಗನಸ್ತರಿ?” ಎಂದು ಕೆಳಸಹಿದಾರರು ಕೇಳಿದರು.

“ಸತ್ತದ್ದು ಗೊತ್ತಾತರಿ,” ಎಂದರು ಇರಮ. “ಆದ್ರ ಯಾರಿಗೂ ಏನೂ ಅನಿಸಿಲ್ಲ. ಸತ್ತಂವಗೂ ಏನೂ ಅನಿಸಿಲ್ಲ.”

“ಮತ್ತ ಏನ ಮಾಡೂಣು? ಅವರನ್ನ ತಗೀರಿ ಅಂತ ದೂರು ಕೊಟ್ಟವ್ರು ನೀವಽ ಅಲ್ಲೇನ್ರಿ?”

“ನಾ ತಗೀರಿ ಅಂದಿಲ್ಲರಿ. ತಿದ್ದೂದು ಬ್ಯಾಡ ಅಂದೇನಿ. ಅಕ್ಕಾರಽ ಓದಬೇಕು. ಇದ್ದದ್ದು ಇದ್ದಂಗ ಓದಬೇಕು. ಎರಡೂ ಕೂಡೇ ಬೇಕು ನನಗ.”

ಟಿಪ್ಪಣಿಯನ್ನು ಹಿಂಪಡೆಯಲಾಗಿದೆ. ಯಂತ್ರವನ್ನು ಇಲಾಖೆಯ ಸುತ್ತೋಲೆಗಳನ್ನು ಓದಲು ನಿಯೋಜಿಸಲಾಗಿದ್ದು, ಅಲ್ಲಿ ಅದು ಉತ್ತಮವಾಗಿ ಕಾರ್ಯನಿರ್ವಹಿಸುತ್ತಿದೆ.

7. ಈ ನಡುವೆ ಅನಿರೀಕ್ಷಿತ ಪರಿಸ್ಥಿತಿಯೊಂದು ಉದ್ಭವಿಸಿದೆ. ಮುಕುಂದ ಬದುಕುವ ಕಾರ್ಡು ಇದೆಯೆಂಬ ಸುದ್ದಿ ಹರಡಿ, ಕಣ್ಣು ಕಾಣುವವರು ಅದಕ್ಕಾಗಿ ಸಾಲುಗಟ್ಟಿದ್ದಾರೆ. ಸಾಲಿನ ಮೊದಲಿಗರು ಶ್ರೀ ಧರೆಪ್ಪ. “ನಾ ಆ ಹುಡುಗನ ಸಲುವಾಗಿ ಮೂರು ದಿನ ಊಟಾ ಬಿಟ್ಟೇನ್ರಿ. ಲಗ್ನದ ಭಾಗ ಅಷ್ಟ ಕೇಳಿ ಕೊಡ್ತೇನಿ,” ಎಂದು ಅವರು ಬಾಗೇವಾಡಿ ಶಾಖೆಯ ಸಿಪಾಯಿ ಶ್ರೀ ಮೋದಿನಸಾಬ ಅವರಲ್ಲಿ ವಿನಂತಿಸಿರುತ್ತಾರೆ.

ಮಾತಿನ ಪುಸ್ತಕಗಳು ಕಣ್ಣು ಕಾಣದವರಿಗೆ ಮೀಸಲು. ಆದಾಗ್ಯೂ ಬೇಡಿಕೆಯ ತೀವ್ರತೆಯನ್ನು ಪರಿಗಣಿಸಿ, ಕಣ್ಣು ಕಾಣುವವರು ಎರಡೂ ಕಣ್ಣು ಮುಚ್ಚಿಕೊಂಡು ಬಂದಲ್ಲಿ ಕಾರ್ಡು ನೀಡಬಹುದೆಂದು ಸೂಚಿಸಲಾಗಿದೆ. ಒಂದು ಕಣ್ಣು ಮುಚ್ಚಿದವರಿಗೆ ಅರ್ಧ ಕಾದಂಬರಿ. ನಿಜವಾಗಿ ಮುಚ್ಚಿದ್ದಾರೆಯೇ ಎಂಬುದನ್ನು ಶ್ರೀ ಮೋದಿನಸಾಬ ಅವರು ಇಂಡಿಯ ನಿಂಬೆಹಣ್ಣೊಂದನ್ನು ಅವರತ್ತ ಮೆಲ್ಲಗೆ ಎಸೆದು ಪರೀಕ್ಷಿಸತಕ್ಕದ್ದು. ಹಣ್ಣನ್ನು ಹಿಡಿದವರು ಅನರ್ಹರು. ತಾಗಿಸಿಕೊಂಡವರು ಅರ್ಹರು. ಅನರ್ಹರಾದವರು ಹಣ್ಣನ್ನು ಮನೆಗೆ ಒಯ್ಯುವಂತಿಲ್ಲ. ಕಣ್ಣು ಮುಚ್ಚಿ ನಿಂತವರನ್ನು ಬಾಗಿಲಿನವರೆಗೆ ಕೈಹಿಡಿದು ಬಿಡುವ ಹೊಣೆಯನ್ನು ಕಣ್ಣು ಕಾಣದ ಓದುಗರು ಸ್ವಯಂಪ್ರೇರಣೆಯಿಂದ ವಹಿಸಿಕೊಂಡಿದ್ದು, ಅವರು ಇದನ್ನು ಬಹಳ ಸಂತೋಷದಿಂದ ನಿರ್ವಹಿಸುತ್ತಿರುವುದಾಗಿ ವರದಿಯಾಗಿದೆ.

8. ಕೊನೆಯ ಅಧ್ಯಾಯದ ಮರು ಧ್ವನಿಮುದ್ರಣವು ಇಂಡಿಯಲ್ಲಿ, ಸುಂದರವ್ವನವರ ಮನೆಯಲ್ಲಿ, ಒಂದೇ ಕೌದಿಯಡಿ ನಡೆಯಿತು. ಒಬ್ಬರೇ ಓದುವುದು ತಮ್ಮಿಂದಾಗದೆಂದು ಅವರು ಹೇಳಿದ್ದರಿಂದ ಇರಮ ಅವರೂ ಒಳಗೆ ಕೂತಿದ್ದರು. ಮೂಲ ಮುದ್ರಿಕೆಯಲ್ಲಿ ದಾಖಲಾದ ಸಂಭಾಷಣೆ:

“ಲೋಟ ತುಟಿಗೆ ಬಂತು ತಂಗಿ.”

“ಓದ್ರಿ.”

“ಬೆಕ್ಕ ಬರಲೇನು?”

“ಬ್ಯಾಡ್ರಿ.”

“ಸಣ್ಣ ಬೆಕ್ಕು. ಮರಿ.”

“ಬ್ಯಾಡ ಅಂದೆ ಅಕ್ಕಾರ. ಓದ್ರಿ. ನಾ ಇಲ್ಲೇ ಇದ್ದೇನಿ.”

ಸುಂದರವ್ವನವರು ಓದಿದರು. ಮುಕುಂದ ಹಾಲು ಕುಡಿದ. ಅವರ ಧ್ವನಿ ಒಡೆಯಿತು, ನಿಂತಿತು, ಮೂಗು ಒರೆಸಿಕೊಂಡಿತು, ಮತ್ತೆ ಹೊರಟಿತು. ಒಂದಕ್ಷರ ಬಿಡಲಿಲ್ಲ, ಒಂದಕ್ಷರ ಸೇರಿಸಲಿಲ್ಲ. ಕಿಸೆಯ ಪತ್ರದ ಸಾಲು ಮುಗಿದಾಗ ಕೌದಿಯೊಳಗೆ ಎರಡು ಅಳು ಕೇಳಿಸುತ್ತವೆ. ಯಾವುದು ಯಾರದೆಂದು ಕಚೇರಿಗೆ ಗುರುತಿಸಲು ಸಾಧ್ಯವಾಗಿಲ್ಲ. ನಡುವಿನ ಸಂಭಾಷಣೆಯನ್ನು ತೆಗೆದುಹಾಕಲಾಗಿದೆ. ಅಳು ಹಾಗೂ ಮೂಗು ಒರೆಸಿಕೊಂಡ ಸದ್ದನ್ನು ಪುಸ್ತಕದ ಅವಿಭಾಜ್ಯ ಅಂಗವೆಂದು ಪರಿಗಣಿಸತಕ್ಕದ್ದು.

9. ಸಿದ್ಧವಾದ ಕಾರ್ಡಿನ ಮೊದಲ ಪ್ರತಿಯನ್ನು ಪಡೆದ ಇರಮ ಅವರು ಅದನ್ನು ಇಂಡಿಯಿಂದ ಸಿಂದಗಿಗೆ ಮರಳುವ ಬಸ್ಸಿನಲ್ಲಿಯೇ ಕಿವಿಗೆ ಹಾಕಿಕೊಂಡು ಕೇಳಿದರು. ಕೌದಿಯೊಳಗೆ ಸುಂದರವ್ವನವರನ್ನು ಸಂಭಾಳಿಸುವುದರಲ್ಲಿ ತಾವು ಸರಿಯಾಗಿ ಅತ್ತಿರಲಿಲ್ಲ ಎಂಬುದು ಅವರ ವಾದ. ಈ ಸಲ ಯಾರ ಹಂಗೂ ಇಲ್ಲದೆ, ಕಿಟಕಿಗೆ ತಲೆಯಾನಿಸಿ, ಮನಸಾರೆ ಅತ್ತರು. ಪಕ್ಕದಲ್ಲಿ ಕೂತಿದ್ದ ಹೆಂಗಸು ಅವರ ತೊಡೆಯ ಮೇಲೆ ಕೈಯಿಟ್ಟು, “ಯಾರ ತೀರ್ಕೊಂಡ್ರವ್ವಾ?” ಎಂದಳು.

“ಮುಕುಂದರಿ.”

“ನಿನಗೇನಾಗಬೇಕು?”

“ಏನೂ ಆಗಬೇಕಿಲ್ಲರಿ. ಪೋಸ್ಟಮನ್ ಅಂವ.”

ಸುದ್ದಿ ಹಿಂದಿನ ಸೀಟಿಗೆ ಹೋಯಿತು, ಅಲ್ಲಿಂದ ಬಾಗಿಲಿಗೆ. ಕಂಡಕ್ಟರ್ ಬಂದು, “ಯಾವೂರ ಪೋಸ್ಟಮನ್ರಿ? ಸಣ್ಣ ವಯಸ್ಸಿನಂವ ಏನು?” ಎಂದು ಕೇಳಿದ. “ಸಣ್ಣಂವರಿ. ಲಗ್ನಾನೂ ಆಗಿದ್ದಿಲ್ಲ,” ಎಂದರು ಇರಮ, ಬಿಕ್ಕುತ್ತ. ಬಸ್ಸಿನಲ್ಲಿ ಸೀಟಿಗೆ ಜಗಳಾಡುತ್ತಿದ್ದವರು ಜಗಳ ಬಿಟ್ಟರು. ಚಾಲಕ ಹಾಡು ಬಂದ್ ಮಾಡಿದ. ಒಬ್ಬ ಮುದುಕ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡ. ಪಕ್ಕದ ಹೆಂಗಸು ಬುತ್ತಿ ಬಿಚ್ಚಿ ಅರ್ಧ ರೊಟ್ಟಿಯನ್ನು ಅವರ ಕೈಗಿಟ್ಟು, “ತಿನ್ನವ್ವಾ, ಒಳ್ಳೇವ್ರನ್ನ ದೇವ್ರು ಲಗೂನ ಕರಕೊಳ್ತಾನ,” ಎಂದಳು. ಊರು ಬರುವವರೆಗೂ ಇಡೀ ಬಸ್ಸು ಮುಕುಂದನ ಒಳ್ಳೆಯತನದ ಬಗ್ಗೆ ಮಾತಾಡಿತು. ಆತ ತಮ್ಮೂರಿಗೂ ಪತ್ರ ತರುತ್ತಿದ್ದನೆಂದು ಇಬ್ಬರು ನೆನಪಿಸಿಕೊಂಡರು.

ಇರಮ ಅವರು ಅಳುತ್ತಲೇ ರೊಟ್ಟಿ ತಿಂದರು. ಆತ ಪುಸ್ತಕದವನು ಎಂದು ಹೇಳಬೇಕೆಂದು ಬಾಯಿ ತೆರೆದರೂ, ಬಸ್ಸಿನ ತುಂಬ ಜನ ತಮ್ಮೊಂದಿಗೆ ಒಂದೇ ಸಾವಿಗೆ ಮರುಗುತ್ತಿರುವಾಗ ಅದನ್ನು ಹೇಳಲು ಮನಸ್ಸಾಗಲಿಲ್ಲವೆಂದು ಅವರು ನಂತರ ಕಚೇರಿಗೆ ಫೋನು ಮಾಡಿ ತಿಳಿಸಿರುತ್ತಾರೆ. ತಿಳಿಸುವಾಗ ನಗುತ್ತಿದ್ದರು.

ಆದ್ದರಿಂದ, ಸಾರ್ವಜನಿಕ ವಾಹನಗಳಲ್ಲಿ ಅಳುವ ಓದುಗರು, ಮೃತರು ಕಾಲ್ಪನಿಕ ವ್ಯಕ್ತಿಯೆಂಬುದನ್ನು ಸಹಪ್ರಯಾಣಿಕರಿಗೆ ಇಳಿಯುವ ಮುನ್ನ ತಿಳಿಸುವುದು. ಆದರೆ ರೊಟ್ಟಿ ತಿಂದಾದ ನಂತರ ತಿಳಿಸುವುದು.

(ಸಹಿ/-)
ಸುನೀಲಕುಮಾರ
ಪ್ರಭಾರ ಸಹಾಯಕ ಅಧಿಕಾರಿ
ಮಾತಿನ ಪುಸ್ತಕ ವಿಭಾಗ

ಪ್ರತಿಗಳು:
— ಶ್ರೀಮತಿ ಇರಮ ಬಾಗವಾನ, ಸಿಂದಗಿ, ಇವರಿಗೆ, ಕಾರ್ಡಿನ ರೂಪದಲ್ಲಿ. (ಯಂತ್ರ ಓದಿದ್ದು. ಕ್ಷಮೆಯಿರಲಿ.)
— ಶ್ರೀಮತಿ ಸುಂದರವ್ವ ಮೇಲಿನಮನಿ, ಇಂಡಿ, ಇವರಿಗೆ. ಈ ಸುತ್ತೋಲೆಯನ್ನು ಯಾರಿಗಾದರೂ ಓದಿ ಹೇಳುವಾಗ ಸೌಮ್ಯಗೊಳಿಸಕೂಡದು.
— ಶ್ರೀ ಧರೆಪ್ಪ, ಇಂಗಳೇಶ್ವರ, ಇವರಿಗೆ. ಕಣ್ಣು ತೆರೆಯಬಹುದೆಂಬ ಸೂಚನೆಯೊಂದಿಗೆ.
— ನಾಲ್ಕೂ ತಾಲೂಕುಗಳ ವಿಮಾ ಏಜೆಂಟರಿಗೆ, ಗೌರವಪೂರ್ವಕ ವಿಷಾದದೊಂದಿಗೆ. ಕಪ್ಪು ಒಳಗಿಡಲು ಕೋರಿದೆ.
— ಇಂಡಿ–ಸಿಂದಗಿ ಮಾರ್ಗದ ಬಸ್ ಕಂಡಕ್ಟರರಿಗೆ. ತಾವು ಮುಕುಂದನ ಮನೆಯವರಿಗಾಗಿ ಪ್ರಯಾಣಿಕರಿಂದ ಒಟ್ಟುಗೂಡಿಸಿ, ಕಾರ್ಡಿನ ಡಬ್ಬಿಯ ಮೇಲಿದ್ದ ಈ ಕಚೇರಿಯ ವಿಳಾಸ ನೋಡಿ ಕಳುಹಿಸಿದ ಜೋಳದ ಚೀಲ ತಲುಪಿದ್ದು, ಯಾರಿಗೆ ಒಪ್ಪಿಸಬೇಕೆಂದು ತಿಳಿಯದೆ ಕಚೇರಿಯಲ್ಲಿಯೇ ಇರಿಸಲಾಗಿದೆ.